ಮೊಳ

"ದಿನಕ್ಕೆ ಎಷ್ಟು ದುಡಿಯುತ್ತಿದ್ದಿರಿ?"
ವಿಮಾ ಕಂಪನಿಯ ವಕೀಲರು ಕೇಳಿದರು.
"ಹೆಂಗೆ ಹೇಳ್ಲಿ ಸಾಮಿ, ಹೂವಿದ್ದಷ್ಟು.
ಶುಕ್ರವಾರ ಒಂದು ಥರ, ಆಷಾಢ ಒಂದು ಥರ."
ಸಾಹೇಬರು ನನ್ನ ಕಡೆ ತಿರುಗಿದರು.
ನಾನು ಕೋರ್ಟಿನ ಬೆರಳಚ್ಚುಗಾರ. ಹೊಡೆದೆ:
ಆದಾಯಕ್ಕೆ ದಾಖಲೆ ಇರುವುದಿಲ್ಲ ಎಂದರೆ ಸರಿ.

ಗಾಂಧಿ ಬಜಾರಿನ ಬಾಯಲ್ಲಿ, ಲೈಟುಕಂಬದ ಬುಡದಲ್ಲಿ
ಚೌಡಮ್ಮನದು ಇಪ್ಪತ್ತೆರಡು ವರ್ಷದ ಅಂಗಡಿ.
ಅಂಗಡಿಯೆಂದರೆ ಒದ್ದೆ ಗೋಣಿತಾಟು, ಬಿದಿರ ಬುಟ್ಟಿ,
ನೆನೆಹಾಕಿದ ಬಾಳೆನಾರು,
ಮತ್ತೆ ಬಲಗೈ, ಮೊಣಕೈಯಿಂದ ನಡುಬೆರಳ ತುದಿಯವರೆಗೆ.
ಅಳತೆ ಇಲಾಖೆಯವರು ಮುದ್ರೆ ಒತ್ತದೆ ಬಿಟ್ಟ
ಅಳತೆಗೋಲು ಅದೊಂದೇ ಇರಬೇಕು ಊರಲ್ಲಿ.
ನನ್ನ ಹೆಂಡತಿಯೂ ಅದರಲ್ಲೇ ಅಳೆಸಿಕೊಂಡವಳು.
"ನಿನ್ನ ಮೊಳ ಗಿಡ್ಡ ಕಣೇ" ಎಂದು ಜಗಳ ತೆಗೆದು
ಮೇಲೆ ನಾಲ್ಕು ಕನಕಾಂಬರ ಕಸಿದುಕೊಂಡು ಬರುವವಳು.

ಕಾರ್ತೀಕದ ಬೆಳಗಿನ ಐದೂವರೆ, ಹೊಳೆಹೊನ್ನೂರು ರಸ್ತೆ,
ಟೀಕ್ಯಾ ನಾಯ್ಕನ ತರಕಾರಿ ಗಾಡಿ.
ಮಹಜರಿನ ನಕ್ಷೆಯಲ್ಲಿ ರಸ್ತೆಗೆ ಎರಡು ಗೆರೆ,
ಗಾಡಿಗೆ ಒಂದು ಚೌಕ, ಆಕೆಗೆ ಒಂದು ಇಂಟು ಗುರುತು.
ಹೂವಿಗೆ ಗುರುತಿಲ್ಲ.
ಮಾರುದ್ದಕ್ಕೆ ಚೆಲ್ಲಿದ ಸೇವಂತಿಗೆ ನೋಡಿ
ಹೆಣ ಆಗಲೇ ಮುಂದೆ ಹೋಯಿತೇನೋ ಅಂದುಕೊಂಡೆ
ಅಂತ ಪಂಚ ಹೇಳಿದ. ಕೇಸಿಗೆ ಸಂಬಂಧವಿಲ್ಲದ ಮಾತು.
ಹೊಡೆಯಲಿಲ್ಲ.

ಗಾಡಿಯ ವಿಮೆ ಹಿಂದಿನ ನಡುರಾತ್ರಿಗೆ ಮುಗಿದಿತ್ತು
ಎಂದರೆ ಸರಿ.
ಹೊಸ ಕಂತು ಕಟ್ಟಿದ್ದು ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ
ಎಂದರೆ ಸರಿ.
ನಡುವೆ ಹತ್ತು ಗಂಟೆ ಇಪ್ಪತ್ತು ನಿಮಿಷ
ಯಾವ ಕಾಗದಕ್ಕೂ ಸೇರದ ಹೊತ್ತು.
ಆ ಹೊತ್ತಿನಲ್ಲೇ ಮನೆಮನೆಗೆ ಹಾಲು ಬಂತು, ಪೇಪರು ಬಂತು,
ಕೋರ್ಪಲಯ್ಯನ ಛತ್ರದ ಮೆಟ್ಟಿಲನ್ನು ತುಂಗೆ ತೊಳೆದಳು.
ಕಂಪನಿಯ ಪಾಲಿಗೆ ಮಾತ್ರ
ಬೆಳಗಾಗಿರಲಿಲ್ಲ.

ಮೆಗ್ಗಾನಿನ ಮೂಳೆ ಡಾಕ್ಟರು ಬಂದು ಸಾಕ್ಷಿ ಹೇಳಿದರು:
ಮುಂಗೈ ಎರಡು ಬೆರಳಷ್ಟು ಕುಗ್ಗಿದೆ,
ಮಣಿಕಟ್ಟು ಪೂರ್ತಿ ತಿರುಗದು, ಹೆಬ್ಬೆರಳು ಚಿವುಟದು.
ಆ ಕೈಗೆ ಶೇಕಡಾ ನಲವತ್ತೆಂಟು,
ಇಡೀ ದೇಹಕ್ಕೆ ಹದಿನಾರು.
"ಮಿಕ್ಕಿದ್ದು ಎಲ್ಲೈತೆ ಸಾಮಿ?
ಹೂ ಕಟ್ಟೋದು ಇದೇ ಕೈಯಲ್ವಾ?"
ಕಾಲಿನಿಂದ ಕಟ್ಟಬಹುದಿತ್ತು ಎಂದರೆ ಸರಿಯಲ್ಲ.
ಇದು ನನ್ನ ತಲೆಗೆ ಬಂದದ್ದು, ಬೆರಳಿಗೆ ಇಳಿಯಲಿಲ್ಲ.

ವಯಸ್ಸು ನಲವತ್ತಾರು, ಆದ್ದರಿಂದ ಗುಣಕ ಹದಿಮೂರು.
ತಿಂಗಳಿಗೆ ಹನ್ನೆರಡು ಸಾವಿರವೆಂದು ಊಹಿಸಿ,
ಹನ್ನೆರಡು ತಿಂಗಳಿಂದ ಗುಣಿಸಿ, ಹದಿಮೂರರಿಂದ ಗುಣಿಸಿ,
ಅದರಲ್ಲಿ ಶೇಕಡಾ ಹದಿನಾರು ತೆಗೆದರೆ
ಎರಡು ಲಕ್ಷದ ತೊಂಬತ್ತೊಂಬತ್ತು ಸಾವಿರದ ಐನೂರ ಇಪ್ಪತ್ತು.
ನೋವಿಗೆ ಬೇರೆ, ನಲವತ್ತು ಸಾವಿರ.
ಕಂಪನಿಯ ಮೇಲಿನ ಅರ್ಜಿ ವಜಾ.
ಕೊಡಬೇಕಾದವನು ಗಾಡಿಯ ಮಾಲೀಕ.

ಮಾಲೀಕ ಗಾಡಿ ಮಾರಿದ.
ಯುಗಾದಿ ಕಳೆದ ಮೇಲೆ ಮೊದಲ ಕಂತು ತಂದನಂತೆ,
ಬಜಾರಿಗೇ, ಮಡಚಿದ ಸಂತೆಚೀಲದಲ್ಲಿ.
ಎಡಗೈಯಲ್ಲಿ ಎಣಿಸೋಕೆ ಹೊತ್ತಾಯಿತಂತೆ.
ಅಷ್ಟೂ ಹೊತ್ತು ಅವನು ಬಿಸಿಲಲ್ಲೇ ನಿಂತಿದ್ದನಂತೆ,
ಗಿರಾಕಿಗಳು ಅವನನ್ನು ಸುತ್ತಿಕೊಂಡು ಹೋದರಂತೆ.

ಹೋದ ಶುಕ್ರವಾರ ನಾವಿಬ್ಬರೂ ಹೋಗಿದ್ದೆವು.
ಹೂ ಕಟ್ಟುವವಳು ಈಗ ತಂಗಿಯ ಮಗಳು.
ಅಳೆಯುವುದು ಮಾತ್ರ ಚೌಡಮ್ಮನೇ, ಆ ಬಲಗೈಯಲ್ಲೇ.
ಮೊಣಕೈಯಿಂದ ನಡುಬೆರಳ ತುದಿಗೆ ಎಳೆದು,
ಅಲ್ಲಿಗೆ ನಿಲ್ಲದೆ, ಗಾಳಿಯಲ್ಲಿ ಇನ್ನೆರಡು ಬೆರಳು ಎಳೆದು
ಆಮೇಲೆ ದಾರ ಕಡಿದಳು.
ಹೆಂಡತಿ ತುಟಿಪಿಟಕ್ಕೆನ್ನದೆ ದುಡ್ಡು ಕೊಟ್ಟಳು.
ಅದು ಚೌಡಮ್ಮನಿಗೆ ಸರಿಬಂದಂತೆ ಕಾಣಲಿಲ್ಲ.
"ಯಾಕವ್ವಾ, ನನ್ನ ಮೊಳ ಗಿಡ್ಡ
ಅನ್ನಲ್ವಾ ಈಗ?"
ಹೆಂಡತಿ ನನ್ನ ಮುಖ ನೋಡಿದಳು.
ನನಗೆ ಬರುವ ಉತ್ತರ ಎರಡೇ:
ಎಂದರೆ ಸರಿ,
ಎಂದರೆ ಸರಿಯಲ್ಲ.